ಮೆನು ಬದಲು ತ್ರೀಡಿ ಕಪಾಟು: ಮೊಬೈಲಲ್ಲಿ ಸ್ಕ್ರೋಲ್ ಆಗುತ್ತಿಲ್ಲ

ಕೋಡುಬಳೆ:
ಚನ್ನಪಟ್ಟಣದ ಬೊಂಬೆ ಮಾರುವವರೊಬ್ಬರಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಅವರಿಗೆ ಮಾಮೂಲಿ ಮೆನು ಬೇಡವಂತೆ. ತ್ರೀಡಿ ಕಪಾಟು ಬೇಕು; ಬುಗುರಿ ಮುಟ್ಟಿದರೆ ಆಟಿಕೆಗಳ ಪುಟ, ಬಳೆ ಮುಟ್ಟಿದರೆ ಬಳೆಗಳ ಪುಟ. ಬ್ರೌಸರಲ್ಲಿ ತ್ರೀಡಿ ತೋರಿಸುವ ತ್ರೀ.ಜೆಎಸ್ ಲೈಬ್ರರಿಯಲ್ಲಿ ಮಾಡಿದ್ದೇನೆ. ಲ್ಯಾಪ್‌ಟಾಪಲ್ಲಿ ಸೂಪರ್. ಮೊಬೈಲಲ್ಲಿ ಬೆರಳಿಟ್ಟು ಎಳೆದರೆ ಪುಟ ಸರಿಯುವುದಿಲ್ಲ, ಕಪಾಟೇ ತಿರುಗುತ್ತದೆ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಲ್ಲಿ ಮಾಡಿದ ಮಾಡೆಲ್‌ಗಳೂ ಭಾರ, ಲೋಡ್ ಆಗಲು ತುಂಬಾ ಹೊತ್ತು. ಏನು ಮಾಡಲಿ?

ಸಂಜೆಮಳೆ:
ಎಳೆದು ತಿರುಗಿಸಲು ಆರ್ಬಿಟ್‌ಕಂಟ್ರೋಲ್ಸ್ ಹಾಕಿದ್ದೀರಿ, ಅಲ್ವಾ? ಅದು ಕ್ಯಾನ್ವಾಸ್‌ನ (ಕಪಾಟು ಮೂಡುವ ಜಾಗದ) ಟಚ್-ಆಕ್ಷನ್ ಎಂಬ ಸಿಎಸ್‌ಎಸ್ ಗುಣವನ್ನು 'ನನ್' (none) ಮಾಡಿಬಿಡುತ್ತದೆ, ಅಂದರೆ ಅಲ್ಲಿ ಬೆರಳೆಳೆದರೆ ಬ್ರೌಸರ್ ಪುಟ ಸರಿಸುವುದಿಲ್ಲ. ಕಂಟ್ರೋಲ್ಸ್ ಶುರು ಮಾಡುವ ಸಾಲಿನ ಕೆಳಗೆ ಅದನ್ನು 'ಪ್ಯಾನ್-ವೈ' ಎಂದು ಬದಲಿಸಿ. ಮೇಲೆ ಕೆಳಗೆ ಎಳೆದರೆ ಪುಟ ಸರಿಯುತ್ತದೆ, ಅಡ್ಡ ಎಳೆದರೆ ಕಪಾಟು ತಿರುಗುತ್ತದೆ. ಝೂಮ್ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಮೌಸ್ ಚಕ್ರದಲ್ಲೂ ಇದೇ ಗೋಳು.

ಇನ್ನು, ಬುಗುರಿಗೆಲ್ಲ ಬ್ಲೆಂಡರ್ ಯಾಕೆ? ಆ ಬೊಂಬೆಗಳನ್ನು ಹಾಲೆ ಮರದಲ್ಲಿ, ಲೇತ್ ಎಂಬ ತಿರುಗುವ ಯಂತ್ರದ ಮೇಲೆ ಕಡೆಯುವುದು. ತ್ರೀ.ಜೆಎಸ್‌ನಲ್ಲೂ ಲೇತ್‌ಜಿಯಾಮೆಟ್ರಿ ಅಂತಲೇ ಇದೆ! ಬುಗುರಿಯ ಒಂದು ಬದಿಯ ಗೆರೆಗೆ ಹತ್ತು ಹದಿನೈದು ಬಿಂದು ಕೊಡಿ, ಅದನ್ನೇ ಸುತ್ತ ತಿರುಗಿಸಿ ಆಕಾರ ಮಾಡಿಕೊಡುತ್ತದೆ. ಡೌನ್‌ಲೋಡ್ ಆಗಬೇಕಾದ ಮಾಡೆಲ್ ಫೈಲೇ ಇರುವುದಿಲ್ಲ. ಅರಗಿನ ಹೊಳಪಿಗೆ ಮೆಶ್‌ಫಿಸಿಕಲ್‌ಮೆಟೀರಿಯಲ್‌ನ ಕ್ಲಿಯರ್‌ಕೋಟ್ (ಮೇಲೊಂದು ಹೊಳೆಯುವ ಲೇಪ) ಇದೆ. ಆದರೆ ಅದು ಫೋನಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಡುತ್ತದೆ, ಪಿಕ್ಸೆಲ್ ರೇಶಿಯೋ (ಎಷ್ಟು ಸೂಕ್ಷ್ಮವಾಗಿ ಚಿತ್ರಿಸಬೇಕೆಂಬ ಪ್ರಮಾಣ) 2 ದಾಟದಂತೆ ನೋಡಿಕೊಳ್ಳಿ.

ಪಡಸಾಲೆ:
ಸುಮ್ನೆ ಕೇಳ್ತೀನಿ, ವಾಟ್ಸಾಪಲ್ಲಿ ಬಂದ ಲಿಂಕ್ ಒತ್ತಿ ನೇರ ಬಳೆ ಪುಟಕ್ಕೆ ಬಂದವರಿಗೆ ಕಪಾಟು ಎಲ್ಲಿ ಕಾಣುತ್ತದೆ? ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಕ್ಯಾನ್ವಾಸ್ ಒಳಗೆ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಟ್ಯಾಬ್ ಕೀ ಒತ್ತಿದರೆ ಬುಗುರಿಗೆ ಫೋಕಸ್ ಬರುವುದಿಲ್ಲ. ಮಾಮೂಲಿ ಮೆನು ಮೇಲ್ಗಡೆ ಇರಲಿ ಮಾರಾಯ್ರೇ.

ಸಂಜೆಮಳೆ:
ಒಪ್ಪಿದೆ. ಕಪಾಟಿನ ಹೆಸರುಗಳನ್ನೂ ತ್ರೀಡಿ ದೃಶ್ಯದ ಮೇಲೆ ಎಚ್‌ಟಿಎಂಎಲ್ ಪದರ ಕೂರಿಸುವ ಸಿಎಸ್‌ಎಸ್2ಡಿರೆಂಡರರ್‌ನಲ್ಲಿ ಹಾಕಿ. ಅವು ನಿಜವಾದ ಎಚ್‌ಟಿಎಂಎಲ್ ಲಿಂಕ್‌ಗಳಾಗಿಯೇ ಬೊಂಬೆಯ ಪಕ್ಕ ಕೂರುತ್ತವೆ. ಟ್ಯಾಬ್ ಕೀ ಕೆಲಸ ಮಾಡುತ್ತದೆ, ಬ್ರೌಸರಿನ ಹೊಸ ಟ್ಯಾಬಲ್ಲೂ ತೆರೆಯಬಹುದು. ಆ ಪದರಕ್ಕೆ ಪಾಯಿಂಟರ್-ಇವೆಂಟ್ಸ್ (ಬೆರಳು, ಮೌಸ್‌ಗೆ ಸ್ಪಂದಿಸುವ ಗುಣ) 'ನನ್', ಲಿಂಕ್‌ಗಳಿಗೆ ಮಾತ್ರ 'ಆಟೋ' ಕೊಡಿ. ಇಲ್ಲವಾದರೆ ಕಪಾಟು ತಿರುಗುವುದೇ ನಿಲ್ಲುತ್ತದೆ.

ಕೋಡುಬಳೆ:
ಪ್ಯಾನ್-ವೈ ಹಾಕಿದೆ, ಸ್ಕ್ರೋಲ್ ಸರಿಹೋಯಿತು! ಕಪಾಟು ಮುಖಪುಟದಲ್ಲಿ, ಮೆನು ಎಲ್ಲಾ ಪುಟದಲ್ಲೂ ಅಂದೆ, ಅವರೂ ಒಪ್ಪಿದರು. ಬುಗುರಿ, ಗಿಲಕಿ ಲೇತ್‌ನಲ್ಲಿ ಆಯಿತು. ಕುದುರೆಗೆ ಏನು ಮಾಡಲಿ?

ಸಂಜೆಮಳೆ:
ಮೈ, ಕುತ್ತಿಗೆ, ಕಾಲು ಬೇರೆ ಬೇರೆ ಕಡೆದು ಒಂದು ಗ್ರೂಪ್‌ಗೆ ಸೇರಿಸಿ. ನಾಲ್ಕು ಕಾಲಿಗೂ ಒಂದೇ ಜಿಯಾಮೆಟ್ರಿ (ಆಕಾರ) ಸಾಕು.