‘ಕಾಟರಿ’ಗೆ ‘ಕರಟಿಸು’ ಎನ್ನಬಹುದೇ?

ಹಸುಗೂಸುಗಳ ಹೈಡ್ರೋಸೆಫಲಸ್ ಬಗ್ಗೆ ಹೆತ್ತವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಜಲಮಸ್ತಿಷ್ಕ’ ಎಂಬ ಪದವಿದೆ, ಆದರೆ ಮಗುವನ್ನು ಎತ್ತಿಕೊಂಡು ಬಂದ ತಾಯಿ ಹೇಳುವುದು ‘ತಲೆಯಲ್ಲಿ ನೀರು ತುಂಬಿದೆ’ ಅಂತಲೇ. ಅದನ್ನೇ ಉಳಿಸಿಕೊಂಡೆ. ಮಿದುಳಿನಿಂದ ಚರ್ಮದಡಿಯಲ್ಲೇ ಹೊಟ್ಟೆಗಿಳಿಯುವ ಕೊಳವೆಗೆ ಎಲ್ಲರೂ ಶಂಟ್ ಎನ್ನುತ್ತಾರೆ, ಅದೂ ಇರಲಿ.

ತೊಡಕಿರುವುದು ಎಂಡೋಸ್ಕೋಪಿ (ಕ್ಯಾಮೆರಾ ಇರುವ ಸಣ್ಣ ಕೊಳವೆ ತೂರಿಸಿ ಮಾಡುವ) ಶಸ್ತ್ರಚಿಕಿತ್ಸೆಯನ್ನು ಕನ್ನಡದಲ್ಲಿ ಹೇಳುವುದರಲ್ಲಿ. ಶಂಟ್ ಒಳಗೆ ಮುಚ್ಚಿಕೊಂಡು ನೀರು ಹರಿಯದಾದರೆ ಜೀವಕ್ಕೇ ಅಪಾಯ. ತಕ್ಷಣ ಸರ್ಜನ್ ಸಿಗದ ಕಡೆ ಬೆಳೆಯುವ ಮಗುವಿಗೆ ಅದು ದಿನದಿನದ ಆತಂಕ. ಅದಕ್ಕೇ ಉಗಾಂಡಾದ ಎಂಬಾಲೆಯಲ್ಲಿ ಡಾ. ಬೆಂಜಮಿನ್ ವಾರ್ಫ್ ಎರಡು ಕೆಲಸಗಳನ್ನು ಒಂದೇ ಸಲಕ್ಕೆ ಮಾಡುವ ವಿಧಾನವನ್ನು ಬೆಳೆಸಿದರು. ಒಂದು, ಮಿದುಳಿನ ಮೂರನೇ ಕುಹರದ (ನೀರಿರುವ ಪೊಳ್ಳಿನ) ತಳದಲ್ಲಿ ದಾರಿ ತೆರೆದು ನೀರನ್ನು ಹರಿಯಬಿಡುವುದು. ಇನ್ನೊಂದು, ಆ ನೀರನ್ನು ಒಸರುವ ಕೋರಾಯ್ಡ್ ಪ್ಲೆಕ್ಸಸ್ ಅನ್ನು ಕಾಟರಿ ಮಾಡುವುದು, ಅಂದರೆ ಶಾಖ ತಗುಲಿಸಿ ಅದರ ಒಸರು ತಗ್ಗಿಸುವುದು. ಒಳಗೆ ಕೊಳವೆ ಉಳಿಯುವುದಿಲ್ಲ.

ಮೊದಲನೆಯದಕ್ಕೆ ‘ಕಿಂಡಿ’ ಒಪ್ಪುತ್ತದೆ. ‘ತೂತು’ ಎಂದರೆ ಕೇಳಿದವರ ಎದೆ ಝಲ್ಲೆನ್ನುತ್ತದೆ, ‘ರಂಧ್ರ’ ಎಂದರೆ ಏನೂ ಕಾಣುವುದಿಲ್ಲ. ಕಿಂಡಿ ಎಂದರೆ ಬೇಕೆಂದೇ ಬಿಟ್ಟ ದಾರಿ.

ಎರಡನೆಯದಕ್ಕೆ ಪದವೇ ಸಿಕ್ಕಿಲ್ಲ. ‘ಸುಡುವುದು’ ಎಂದು ಬರೆದು ಹೊಡೆದುಹಾಕಿದೆ, ಮಗುವಿನ ಮಿದುಳಿನ ಪಕ್ಕ ಆ ಮಾತು ಇಡಲು ಮನಸ್ಸಾಗಲಿಲ್ಲ. ‘ಬರೆ’ ಬೇಡವೇ ಬೇಡ, ‘ಗಾಯದ ಮೇಲೆ ಬರೆ’ ನೆನಪಾಗುತ್ತದೆ. ‘ಒರತೆ ಬತ್ತಿಸುವುದು’ ಚೆನ್ನಾಗಿದೆ, ಆದರೆ ನಿಜವಲ್ಲ: ಒಸರು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎಂಡೋಸ್ಕೋಪಿನಲ್ಲಿ ಕಾಣುವುದು ತಿಳಿನೀರಿನಲ್ಲಿ ಓಲಾಡುವ ಕೆಂಪು ಕುಚ್ಚು. ಶಾಖ ತಗುಲಿದಷ್ಟೂ ಬಣ್ಣ ಬಿಳಿಚಿಕೊಂಡು ಮುದುಡುತ್ತದೆ. ಇದಕ್ಕೆ ‘ಕರಟಿಸು’ ಹೊಂದುತ್ತದೆ ಅನ್ನಿಸಿತು: ‘ಒರತೆಕುಚ್ಚನ್ನು ಕರಟಿಸುವುದು’.

ಈ ವಿಧಾನ ಶಂಟ್‌ಗೆ ‘ಪರ್ಯಾಯ’ ಎಂಬ ಮಾತನ್ನೂ ಅಳೆದು ಬಳಸುತ್ತಿದ್ದೇನೆ. 2017ರಲ್ಲಿ ಪ್ರಕಟವಾದ ಉಗಾಂಡಾದ ಅಧ್ಯಯನದಲ್ಲಿ, ಸೋಂಕಿನಿಂದ ಹೀಗಾದ ಆರು ತಿಂಗಳೊಳಗಿನ 100 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ವಿಧಾನ, ಇನ್ನೊಂದಕ್ಕೆ ಶಂಟ್ ಎಂದು ನೋಡಿದಾಗ, ವರ್ಷದ ಬಳಿಕ ಬುದ್ಧಿಯ ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ‘ಶಂಟ್‌ಗಿಂತ ಮೇಲು’ ಎಂಬ ಧ್ವನಿ ಬರಕೂಡದು. ಕಿಂಡಿ ಮುಚ್ಚಿಕೊಂಡು ಕೊನೆಗೆ ಶಂಟ್ ಹಾಕಿಸಬೇಕಾದ ಮಕ್ಕಳೂ ಇದ್ದಾರೆ, ಅವರ ಹೆತ್ತವರೂ ಇದನ್ನು ಓದುತ್ತಾರೆ.

ಈಗ ಕೇಳಬೇಕಾದದ್ದು: ನಿಮ್ಮ ಮಾತಿನಲ್ಲಿ ‘ಕರಟು’ ಅಂದರೆ ಶಾಖಕ್ಕೆ ಮುದುಡುವುದೋ, ಸುಟ್ಟು ಕರಕಲಾಗುವುದೋ? ಎರಡನೆಯದಾದರೆ ಆ ಪದ ಕೈಬಿಡುತ್ತೇನೆ.