ಸಣ್ಣ ಕರುಳಿನ ಕೊನೆಯ ಭಾಗ ದಪ್ಪವಾಗಿದೆ: ಸಿ.ಟಿ., ಕೊಲೊನೊಸ್ಕೋಪಿ ಎರಡೂ ಬೇಕೇ?

ಪ್ರಶ್ನೆ

ನಮಸ್ಕಾರ. 27 ವರ್ಷದ ನನ್ನ ತಮ್ಮನಿಗೆ ಕೆಲವು ತಿಂಗಳುಗಳಿಂದ ಹೊಟ್ಟೆಯ ಬಲಭಾಗದ ಕೆಳಗಡೆ ಬಿಟ್ಟುಬಿಟ್ಟು ನೋವು ಬರುತ್ತಿದೆ. ಊಟವಾದ ಮೇಲೆ ಅದು ಹೆಚ್ಚಾಗುತ್ತದೆ, ತೂಕವೂ ಇಳಿದಿದೆ. ಗ್ಯಾಸ್ಟ್ರಿಕ್ ಇರಬಹುದೆಂದು ಮೊದಲು ಬಾಯಿಯ ಮೂಲಕ ಎಂಡೋಸ್ಕೋಪಿ ಮಾಡಿಸಿದೆವು; ಎಲ್ಲವೂ ಸರಿಯಾಗಿದೆ ಎಂದರು. ಆಮೇಲಿನ ಅಲ್ಟ್ರಾಸೌಂಡ್ ವರದಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಗೋಡೆ ದಪ್ಪವಾಗಿದೆ ಎಂದು ಬರೆದಿದ್ದಾರೆ. ಕರುಳಿನ ಟಿ.ಬಿ. ಇರಬಹುದು, ಇಲ್ಲವೇ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ದೀರ್ಘಕಾಲ ಕಾಡುವ ಉರಿಯೂತ) ಇರಬಹುದು ಎಂದ ವೈದ್ಯರು ಸಿ.ಟಿ. ಎಂಟೆರೋಗ್ರಫಿ (ಸಣ್ಣ ಕರುಳಿನ ಸಿ.ಟಿ. ಸ್ಕ್ಯಾನ್), ಕೊಲೊನೊಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ನೋಡುವುದು) ಎರಡನ್ನೂ ಬರೆದುಕೊಟ್ಟಿದ್ದಾರೆ. ಸಿ.ಟಿ.ಯಲ್ಲೇ ರೋಗ ಗೊತ್ತಾಗುವುದಾದರೆ ಕೊಲೊನೊಸ್ಕೋಪಿ ಏಕೆ ಬೇಕು? ಮೊದಲ ಎಂಡೋಸ್ಕೋಪಿಯಲ್ಲಿ ಇದು ಕಾಣದೇ ಹೋದದ್ದು ಹೇಗೆ?

ಉತ್ತರ 1 (ರೇಡಿಯಾಲಜಿ ವೈದ್ಯ)

ಎರಡನೆಯ ಪ್ರಶ್ನೆಯ ಉತ್ತರ ಸುಲಭವಾದದ್ದು. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಮೊದಲ ತುಣುಕಿನವರೆಗೆ ಮಾತ್ರ ಹೋಗುತ್ತದೆ. ನಿಮ್ಮ ತಮ್ಮನ ತೊಂದರೆಯಿರುವುದು ಅಲ್ಲಿಂದ ಹಲವು ಅಡಿಗಳಾಚೆ.

ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗೋಡೆ ಸಾಮಾನ್ಯವಾಗಿ 3 ಮಿ.ಮೀ.ಗಿಂತ ದಪ್ಪವಿದ್ದರೆ ನಾವು ಅನುಮಾನಿಸುತ್ತೇವೆ. ಆದರೆ ಕರುಳೊಳಗಿನ ಗಾಳಿಯನ್ನು ದಾಟಿ ಶಬ್ದತರಂಗಗಳು ಮುಂದೆ ಹೋಗಲಾರವಾದ್ದರಿಂದ ಆ ಪರೀಕ್ಷೆಯಲ್ಲಿ ಇಡೀ ಕರುಳು ಕಾಣುವುದಿಲ್ಲ. ಸಿ.ಟಿ. ಎಂಟೆರೋಗ್ರಫಿಯಲ್ಲಿ ರೋಗಿಗೆ ಸುಮಾರು ಒಂದರಿಂದ ಒಂದೂವರೆ ಲೀಟರಿನಷ್ಟು ಮ್ಯಾನಿಟಾಲ್‌ನಂತಹ ದ್ರಾವಣವನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಸ್ವಲ್ಪಸ್ವಲ್ಪವಾಗಿ ಕುಡಿಸಿ, ಮಡಚಿಕೊಂಡಿರುವ ಕರುಳು ಹಿಗ್ಗಿದ ಮೇಲೆ, ರಕ್ತನಾಳಕ್ಕೆ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ಕೊಡುವ ದ್ರವ) ಕೊಟ್ಟು ಚಿತ್ರ ತೆಗೆಯುತ್ತಾರೆ. ಹಿಗ್ಗದ ಕರುಳು ಆರೋಗ್ಯವಾಗಿದ್ದರೂ ದಪ್ಪವಾಗಿಯೇ ಕಾಣುವುದರಿಂದ, ದ್ರಾವಣವನ್ನು ಅರ್ಧಕ್ಕೇ ಬಿಟ್ಟರೆ ಪರೀಕ್ಷೆಯೇ ವ್ಯರ್ಥವಾದೀತು.

ಕೊಲೊನೊಸ್ಕೋಪಿಗೆ ಕಾಣದ ಎಷ್ಟೋ ಸಂಗತಿ ಇಲ್ಲಿ ಕಾಣುತ್ತದೆ: ಕರುಳು ಎಷ್ಟು ಉದ್ದ ಕೆಟ್ಟಿದೆ, ಎಲ್ಲೆಲ್ಲಿ ಕಿರಿದಾಗಿದೆ, ಗೋಡೆಯ ಹೊರಗೆ ಕೀವು ಅಥವಾ ನೀರು ತುಂಬಿದೆಯೇ ಎಂಬುದೆಲ್ಲ. ಕರುಳಿನ ಬಳಿಯ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ದೊಡ್ಡದಾಗಿ ನಡುವೆ ಕೊಳೆತಂತೆ ಕಪ್ಪಾಗಿದ್ದರೆ, ದೊಡ್ಡ ಕರುಳಿನ ಆರಂಭದ ಭಾಗ ಕುಗ್ಗಿ ಮೇಲಕ್ಕೆ ಎಳೆದುಕೊಂಡಿದ್ದರೆ ನಮ್ಮ ಒಲವು ಟಿ.ಬಿ.ಯ ಕಡೆಗೆ. ನಡುನಡುವೆ ಚೆನ್ನಾಗಿರುವ ಭಾಗವನ್ನು ಬಿಟ್ಟು ಹಲವೆಡೆ ದಪ್ಪವಾಗಿದ್ದು, ಕರುಳಿಗೆ ಹೋಗುವ ರಕ್ತನಾಳಗಳು ಬಾಚಣಿಗೆಯ ಹಲ್ಲುಗಳಂತೆ ಎದ್ದು ಕಂಡರೆ ಕ್ರೋನ್ಸ್ ಕಡೆಗೆ.

ಉತ್ತರ 2 (ಜೀರ್ಣಾಂಗ ತಜ್ಞೆ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ‘ಒಲವು’ ಎಂಬ ಮಾತನ್ನು ಓದುಗರು ತೀರ್ಪೆಂದು ತಿಳಿಯಬಾರದು. ಕೊಳೆತ ಗ್ರಂಥಿ ಕಂಡರೆ ಟಿ.ಬಿ.ಯ ಅನುಮಾನ ಬಲವಾಗುತ್ತದೆ ನಿಜ, ಆದರೆ ಅದು ಕಾಣದ ಮಾತ್ರಕ್ಕೆ ಟಿ.ಬಿ. ಇಲ್ಲವೆನ್ನಲಾಗದು. ಅಮೆರಿಕದಲ್ಲಿ 1932ರಲ್ಲಿ ಬರಿಲ್ ಕ್ರೋನ್ ಮತ್ತು ಸಂಗಡಿಗರು ಕ್ರೋನ್ಸ್ ಕಾಯಿಲೆಯನ್ನು ವಿವರಿಸಿದಾಗ, ಅದು ಟಿ.ಬಿ.ಯಲ್ಲ ಎಂದು ತೋರಿಸಬೇಕಾದ ಹೊಣೆಯೂ ಅವರ ಮೇಲಿತ್ತು. ಟಿ.ಬಿ. ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಆ ತೊಡಕು ಇಂದಿಗೂ ತೀರಿಲ್ಲ.

ಕೊಲೊನೊಸ್ಕೋಪಿ ಬೇಕಾಗುವುದು ಮುಖ್ಯವಾಗಿ ಬಯಾಪ್ಸಿಗಾಗಿ. ಹುಣ್ಣುಗಳು ಅಡ್ಡಡ್ಡವಾಗಿವೆಯೇ, ಉದ್ದುದ್ದವಾಗಿವೆಯೇ ಎಂಬುದನ್ನು ನೋಡುವುದರ ಜೊತೆಗೆ, ಹಲವು ಕಡೆಯಿಂದ ಚೂರು ತೆಗೆದು ಅಂಗಾಂಶ ಪರೀಕ್ಷೆಗೂ ಜೀನ್‌ಎಕ್ಸ್‌ಪರ್ಟ್‌ಗೂ (ಟಿ.ಬಿ. ರೋಗಾಣುವಿನ ಡಿ.ಎನ್.ಎ. ಹುಡುಕುವ ಪರೀಕ್ಷೆ) ಕಳುಹಿಸುತ್ತೇವೆ. ಕರುಳಿನ ಟಿ.ಬಿ.ಯಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆಯಿರುವುದರಿಂದ ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ನಿಶ್ಚಿಂತರಾಗುವಂತಿಲ್ಲ. ಎದೆಯ ಎಕ್ಸ್‌ರೇಯನ್ನೂ ಮರೆಯಬೇಡಿ. ಅಗ್ಗದ ಪರೀಕ್ಷೆಯಾದರೂ ಶ್ವಾಸಕೋಶದ ಟಿ.ಬಿ.ಯ ಗುರುತು ಅಲ್ಲಿ ಸಿಕ್ಕರೆ ದಾರಿ ಸುಗಮವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಸಂದೇಹ ಉಳಿದರೆ, ಸಾಮಾನ್ಯವಾಗಿ ಟಿ.ಬಿ. ಔಷಧಿಗಳನ್ನೇ ಮೊದಲು ಆರಂಭಿಸಿ, ಸುಮಾರು ಎರಡು ತಿಂಗಳ ನಂತರ ಮತ್ತೆ ಕೊಲೊನೊಸ್ಕೋಪಿ ಮಾಡಿ ಹುಣ್ಣುಗಳು ಮಾಗಿವೆಯೇ ಎಂದು ನೋಡುತ್ತೇವೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್‌ನಿಂದ ಪತ್ತೆಯಾಗದ ಟಿ.ಬಿ. ಉಲ್ಬಣಿಸಬಹುದೆಂಬುದೇ ಈ ಕ್ರಮಕ್ಕೆ ಕಾರಣ. ನೋವು ಕಡಿಮೆಯಾದದ್ದನ್ನಷ್ಟೇ ನೆಚ್ಚಿಕೊಂಡು ಆ ಎರಡನೆಯ ಕೊಲೊನೊಸ್ಕೋಪಿಯನ್ನು ತಪ್ಪಿಸುವವರು ಬಹಳ. ಅದು ನನಗೆ ಸರಿಕಾಣುವುದಿಲ್ಲ.

ಉತ್ತರ 3 (ಕ್ರೋನ್ಸ್ ಇರುವ ಓದುಗ)

ರೋಗಿಯಾಗಿ ಒಂದೆರಡು ಮಾತು. ದ್ರಾವಣ ಕುಡಿದ ದಿನ ಭೇದಿಯಾಗುವುದು ಸಹಜ, ದೂರದ ಬಸ್ ಪ್ರಯಾಣ ಇಟ್ಟುಕೊಳ್ಳಬೇಡಿ. ಕಾಯಿಲೆ ಕ್ರೋನ್ಸ್ ಎಂದೇ ಆದರೆ ವರ್ಷಗಟ್ಟಲೆ ಮತ್ತೆ ಮತ್ತೆ ಚಿತ್ರ ತೆಗೆಯಬೇಕಾಗುತ್ತದೆ. ಆಗ ವಿಕಿರಣವಿಲ್ಲದ ಎಂ.ಆರ್. ಎಂಟೆರೋಗ್ರಫಿಯ (ಕರುಳಿನ ಎಂ.ಆರ್.ಐ. ಸ್ಕ್ಯಾನ್) ಬಗ್ಗೆ ಕೇಳಿ. ಅದಕ್ಕೆ ಖರ್ಚೂ ಸಮಯವೂ ಹೆಚ್ಚು, ಆದರೆ ತಮ್ಮನ ವಯಸ್ಸಿನವರಿಗೆ ವಿಕಿರಣ ತಪ್ಪಿಸುವುದು ಮುಖ್ಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕ್ಯಾಮೆರಾ ಇರುವ ಮಾತ್ರೆಯನ್ನು ನುಂಗಿಸಿದರೆ ಇಡೀ ಕರುಳು ಕಾಣುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಸಿ.ಟಿ. ಬದಲು ಅದನ್ನು ಮಾಡಿಸಬಹುದೇ?

ಉತ್ತರ 1 (ರೇಡಿಯಾಲಜಿ ವೈದ್ಯ)

ಈಗ ಬೇಡ. ಊಟದ ನಂತರ ನೋವು ಹೆಚ್ಚುತ್ತಿರುವುದನ್ನು ನೋಡಿದರೆ ಕರುಳು ಎಲ್ಲೋ ಕಿರಿದಾಗಿರುವ ಸಾಧ್ಯತೆಯಿದೆ. ಕ್ಯಾಪ್ಸೂಲ್ ಅಲ್ಲಿ ಸಿಕ್ಕಿಕೊಂಡರೆ ಅದನ್ನು ಹೊರತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅದಲ್ಲದೆ ಕ್ಯಾಪ್ಸೂಲ್ ಬಯಾಪ್ಸಿ ತೆಗೆಯಲಾರದು. ಸಿ.ಟಿ.ಗೆ ಮೊದಲು ಕ್ರಿಯಾಟಿನಿನ್ ಪರೀಕ್ಷೆ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಮಾಡಿಸಿ, ಕಾಂಟ್ರಾಸ್ಟ್‌ನಿಂದ ಹಿಂದೆ ಅಲರ್ಜಿಯಾಗಿದ್ದರೆ ಮುಂಚಿತವಾಗಿಯೇ ತಿಳಿಸಿ, ಹಳೆಯ ಅಲ್ಟ್ರಾಸೌಂಡ್ ವರದಿಯನ್ನೂ ಕೊಂಡೊಯ್ಯಿರಿ. ಅಷ್ಟರಲ್ಲಿ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಮಲವೂ ನಿಂತರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.