ಸಹಾಯ ಬೇಕು: ವಿಡಿಯೊ ಎಡಿಟಿಂಗ್‌ಗೆ ಇಂಟೆಲ್ 12400 ಪ್ರೊಸೆಸರ್ ಸಾಕಾ, ರೈಜೆನ್ 7600 ಬೇಕಾ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಯಕ್ಷಗಾನ, ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತೇನೆ. ಈಗಿರುವ ಪ್ರೊಸೆಸರ್ ಇಂಟೆಲ್ ಐ5-7400, ಅದರಲ್ಲಿ ಕೆಲಸ ಮಾಡುವ ಘಟಕ, ಅಂದರೆ ಕೋರ್, ನಾಲ್ಕೇ. ಟೈಮ್‌ಲೈನ್ ಎಳೆದರೆ ವೇಷದ ಕುಣಿತ ಅಲ್ಲೇ ನಿಲ್ಲುತ್ತದೆ, ಚೆಂಡೆ ಪೆಟ್ಟು ಮಾತ್ರ ಮುಂದೆ ಹೋಗುತ್ತದೆ. ತಾಳಕ್ಕೆ ಸರಿಯಾಗಿ ಕಟ್ ಮಾಡುವುದು ಹೇಗೆ ಹೇಳಿ!

ಪ್ರೊಸೆಸರ್, ಬೋರ್ಡ್, ರ‍್ಯಾಮ್ ಸೇರಿ 35 ಸಾವಿರ ದಾಟಬಾರದು. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಇಲ್ಲ.

ಮನಸ್ಸಿನಲ್ಲಿರುವುದು ಎರಡು: ಇಂಟೆಲ್ ಐ5-12400, ರೈಜೆನ್ 5 7600. ಎರಡಕ್ಕೂ 6 ಕೋರ್, 12 ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆಗಳು). ವೇಗದಲ್ಲಿ 7600 ಮುಂದೆ. ಆದರೆ ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮೇ ಆಗಬೇಕು. 12400ಕ್ಕೆ ಹಿಂದಿನ ತಲೆಮಾರಿನ ಡಿಡಿಆರ್4 ಹಾಕುವ ಬೋರ್ಡ್ ಸಿಗುತ್ತದೆ, ನನ್ನ ಹಳೆಯ 16 ಜಿಬಿ ರ‍್ಯಾಮನ್ನೇ ಹಾಕಬಹುದು. ಸುಮ್ನೆ ಪ್ರೊಸೆಸರ್ ಬೆಲೆ ಮಾತ್ರ ಹೋಲಿಸಿದರೆ ಪ್ರಯೋಜನವಿಲ್ಲ, ಅಲ್ವಾ?

ಇನ್ನೊಂದು ವಿಷಯ. ನನ್ನ ಕ್ಯಾಮೆರಾ ಕೊಡುವುದು 10 ಬಿಟ್, 4:2:2 ಎಚ್.265 ಫೈಲು, ಅಂದರೆ ಬಣ್ಣದ ವಿವರ ಜಾಸ್ತಿ ಇಟ್ಟು ಬಿಗಿಯಾಗಿ ಕುಗ್ಗಿಸಿದ ವಿಡಿಯೊ. 12400ರ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ (ಕುಗ್ಗಿಸಿದ ವಿಡಿಯೊ ಬಿಡಿಸಲೆಂದೇ ಇರುವ ಭಾಗ) ಅದನ್ನು ನೇರವಾಗಿ ಬಿಡಿಸುತ್ತದೆ. 7600ರ ಗ್ರಾಫಿಕ್ಸ್‌ಗೆ ಅದು ಆಗುವುದಿಲ್ಲ, ಭಾರವೆಲ್ಲ ಕೋರ್‌ಗಳ ಮೇಲೆ. ಅಗ್ಗಕ್ಕೆ ಸಿಗುವ 12400ಎಫ್‌ನಲ್ಲಿ ಗ್ರಾಫಿಕ್ಸೇ ಇಲ್ಲ, ಅದು ನನಗೆ ಬೇಡ.

12400 ಕಡೆಗೇ ಮನಸ್ಸು ವಾಲಿದೆ. ಅಳುಕು ಒಂದೇ: ಬೋರ್ಡಿನಲ್ಲಿ ಅದು ಕೂರುವ ಜಾಗ, ಅಂದರೆ ಸಾಕೆಟ್, ಇಂಟೆಲ್ 14ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಮುಗಿಯಿತು. 7600 ಕೂರುವ ಎಎಂ5 ಸಾಕೆಟ್ಟಿನ ಬೋರ್ಡಿಗೆ ಮುಂದೆ ರೈಜೆನ್ 9000 ಸರಣಿಯ ಪ್ರೊಸೆಸರ್ ಹಾಕಬಹುದು. ಆ ಅನುಕೂಲಕ್ಕೆ ಈಗಲೇ ಜಾಸ್ತಿ ದುಡ್ಡು ಹಾಕಬೇಕಾ?

ಇಂಥ ಫೈಲುಗಳನ್ನು 7600ರಲ್ಲಿ ಎಡಿಟ್ ಮಾಡುವವರು ಮಂಗಳೂರು, ಉಡುಪಿ ಕಡೆ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಂದು ಕ್ಲಿಪ್ ತಂದು ನೋಡಲು ಬಿಟ್ಟರೆ ದೊಡ್ಡ ಉಪಕಾರ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಗುವ ಮೊದಲು ಜೋಡಿಸಬೇಕು.